ಪ್ಲೇನ್ಸ್, ಜಾರ್ಜಿಯಾ: ಊರಿಂದ ಬಂದ ಅಪ್ಪ ಅಮ್ಮನಿಗೆ ತೋರಿಸಬೇಕಾದ ಶೇಂಗಾ ಊರು

ಅಟ್ಲಾಂಟಾದ ಕನ್ನಡದವರ ಮನೆಗಳಲ್ಲಿ ಆಗಾಗ ಕೇಳುವ ಪ್ರಶ್ನೆ ಇದು. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಎಲ್ಲಿಗೆ ಕರ್ಕೊಂಡು ಹೋಗೋದು? ಸ್ಟೋನ್ ಮೌಂಟನ್ ಆಯ್ತು, ಅಕ್ವೇರಿಯಂ ಆಯ್ತು, ಕೋಕಾಕೋಲಾ ಮ್ಯೂಸಿಯಂ ಆಯ್ತು, ದೇವಸ್ಥಾನಗಳೂ ಆದವು. ಆಮೇಲೆ ಉಳಿಯೋದು ಮಾಲ್ ಸುತ್ತೋದು. ಒಂದಿಡೀ ದಿನ ಬಿಡುವು ಮಾಡಿಕೊಂಡು ಪ್ಲೇನ್ಸ್‌ಗೆ ಹೋಗಿಬನ್ನಿ ಅಂತ ನಾನು ಹೇಳ್ತೀನಿ. ನಿಮ್ಮ ಹಿರಿಯರು ಹೊಲ ಮನೆ ಮಾಡಿದವರಾಗಿದ್ದರಂತೂ ತಪ್ಪಿಸಲೇಬೇಡಿ.

ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಹುಟ್ಟಿ ಬೆಳೆದ ಊರು ಇದು. ಇಲ್ಲಿನ ಶಾಲೆ, ರೈಲ್ವೆ ಸ್ಟೇಷನ್, ಬಾಲ್ಯದ ತೋಟದ ಮನೆ ಮೂರೂ ಸೇರಿ ಜಿಮ್ಮಿ ಕಾರ್ಟರ್ ನ್ಯಾಷನಲ್ ಹಿಸ್ಟಾರಿಕಲ್ ಪಾರ್ಕ್. ನೋಡಿಕೊಳ್ಳುವುದು ರಾಷ್ಟ್ರೀಯ ಉದ್ಯಾನ ಇಲಾಖೆ. ಪ್ರವೇಶಕ್ಕೆ ದುಡ್ಡಿಲ್ಲ. 600ಕ್ಕಿಂತ ಕಡಿಮೆ ಜನಸಂಖ್ಯೆಯ ಊರು, ನಮ್ಮ ಕಡೆ ಆಗಿದ್ರೆ ಗ್ರಾಮ ಪಂಚಾಯ್ತಿ ಕಚೇರಿ ಕೂಡ ಪಕ್ಕದೂರಲ್ಲೇ ಇರ್ತಿತ್ತು.

ನಮ್ಮಪ್ಪ ಚಳ್ಳಕೆರೆ ತಾಲ್ಲೂಕಿನವರು. ಮಳೆ ನಂಬಿ ಶೇಂಗಾ ಬೆಳೆದವರು. ಟಿಎಂವಿ-2 ಬಿಟ್ಟು ಬೇರೆ ತಳಿ ಹಾಕಿದವರಲ್ಲ. ಅಮೆರಿಕಕ್ಕೆ ಬಂದಾಗಿನಿಂದ ಅವರಿಗೆ ಒಂದೇ ಬೇಜಾರು, ಇಲ್ಲಿ ಯಾರೂ ಬೇಸಾಯ ಮಾಡೋದೇ ಕಾಣಲ್ಲವಲ್ಲ ಅಂತ. ಸೆಪ್ಟೆಂಬರ್ ಕೊನೆಯಲ್ಲಿ ಅವರನ್ನೂ ಅಮ್ಮನನ್ನೂ ಕರ್ಕೊಂಡು ಹೊರಟೆ.

ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಅಟ್ಲಾಂಟಾದಿಂದ ತೆಂಕಣಕ್ಕೆ ಎರಡೂವರೆ, ಮೂರು ಗಂಟೆ ದಾರಿ. ಕೊಲಂಬಸ್, ಮೇಕನ್, ಅಗಸ್ಟಾ ಈ ಮೂರು ಊರುಗಳನ್ನು ಸೇರಿಸಿ ಒಂದು ಗೆರೆ ಎಳೆದರೆ ಜಾರ್ಜಿಯಾ ಅಲ್ಲಿ ಎರಡಾಗುತ್ತದೆ. ಗೆರೆಯ ಮೇಲ್ಗಡೆ ಗುಡ್ಡ, ಗಟ್ಟಿ ಬಂಡೆ, ಜೇಡಿ. ಕೆಳಗಡೆ ಬಹಳ ಹಿಂದೆ ಸಮುದ್ರ ಇದ್ದ ಜಾಗ, ಮರಳು ಬೆರೆತ ಮಣ್ಣು, ಚಪ್ಪಟೆ ನೆಲ. ಶೇಂಗಾಕ್ಕೆ ಬೇಕಾದದ್ದು ಇದೇ. ಹೂವು ಕಟ್ಟಿದ ಮೇಲೆ ಅದರ ಕಡ್ಡಿ ಮಣ್ಣಿಗೆ ಇಳಿಯಬೇಕು, ಕಾಯಿ ಒಳಗೆ ಊದಬೇಕು, ಕಿತ್ತಾಗ ಕಾಯಿ ನೆಲದಲ್ಲಿ ಉಳಿಯಬಾರದು. ಅಮೆರಿಕದ ಶೇಂಗಾದಲ್ಲಿ ಸುಮಾರು ಅರ್ಧ ಜಾರ್ಜಿಯಾ ಒಂದೇ ಬೆಳೆಯುತ್ತದೆ. ಅದೂ ಹೆಚ್ಚಾಗಿ ಈ ಗೆರೆಯ ಕೆಳಗೇ.

ಇದೇ ಗೆರೆಗೆ ಇಲ್ಲಿನವರು ನುಸಿಗೆರೆ ಅಂತಲೂ ಅಂತಾರೆ. ಅದನ್ನು ದಾಟಿ ಕಾರಿಂದ ಇಳಿದ ಕೂಡಲೇ ಕಣ್ಣು ಮೂಗಿಗೆಲ್ಲ ಸಣ್ಣ ನುಸಿ ಮುತ್ತಿಕೊಳ್ಳುತ್ತವೆ. ಸ್ಥಳೀಯರು ಮಾತಾಡ್ತಾ ಮಾತಾಡ್ತಾನೇ ಬಾಯಿಯ ಒಂದು ಬದಿಯಿಂದ ಉಫ್ ಅಂತ ಊದಿ ಓಡಿಸ್ತಾರೆ. ಅಪ್ಪ ಮಧ್ಯಾಹ್ನದೊಳಗೆ ಅದನ್ನು ಕಲಿತುಬಿಟ್ಟರು. ಅಮ್ಮ ಸೆರಗು ಮುಖಕ್ಕೆ ಹಿಡಿದೇ ಓಡಾಡಿದರು. ಹೋಗುವಾಗ ಟೋಪಿ, ಕರ್ಚೀಫು ಮರೀಬೇಡಿ.

ಊರು ಹತ್ತಿರವಾಗ್ತಿದ್ದಂತೆ ರಸ್ತೆಯ ಎರಡೂ ಕಡೆ ಹೊಲ. ಮೆಷಿನ್ನು ಆಗಷ್ಟೇ ಶೇಂಗಾ ಕಿತ್ತು, ಗಿಡವನ್ನು ತಲೆಕೆಳಗಾಗಿ ಮಗುಚಿ ಸಾಲಾಗಿ ಬಿಟ್ಟಿತ್ತು. ಬೇರು, ಕಾಯಿ ಮೇಲೆ, ಸೊಪ್ಪು ಕೆಳಗೆ. ಎರಡು ಮೂರು ದಿನ ಹೀಗೆ ಬಿಸಿಲಿಗೆ ಬಿಟ್ಟು ಆಮೇಲೆ ಇನ್ನೊಂದು ಮೆಷಿನ್ನಿನಲ್ಲಿ ಕಾಯಿ ಬಿಡಿಸುತ್ತಾರೆ. ಅಪ್ಪ ಗಾಡಿ ನಿಲ್ಲಿಸು ಅಂದರು. ರಸ್ತೆ ಅಂಚಿಗೆ ಬಿದ್ದಿದ್ದ ಒಂದು ಗಿಡ ಎತ್ತಿಕೊಂಡು ಮಣ್ಣು ಕೊಡವಿದರು. ಎರಡು ಬೆರಳಲ್ಲಿ ಕಾಯಿ ಒತ್ತಿ ಒಡೆದು, ಬೀಜ ಬಿಟ್ಟು ಸಿಪ್ಪೆಯ ಒಳಮೈ ನೋಡಿದರು. ಒಳಗೆ ಕಂದು ತಿರುಗಿದ್ದರೆ ಬಲಿತಿದೆ ಅಂತ ಲೆಕ್ಕ. "ಸರಿಯಾದ ಹದಕ್ಕೇ ಕಿತ್ತವ್ರೆ" ಅಂದರು. ಆಮೇಲೆ ಗಿಡ ಇದ್ದ ಕಡೆಯೇ ಇಟ್ಟು ಕೈ ನೋಡಿಕೊಂಡರು. ಕೆಂಪು ಮಣ್ಣು. ಅಷ್ಟು ದೂರದ ಪ್ರಯಾಣದಲ್ಲಿ ಅವರು ಅಷ್ಟು ಖುಷಿಯಾಗಿದ್ದದ್ದು ಅಲ್ಲೇ ಮೊದಲು.

ಮೊದಲು ಹೋಗಬೇಕಾದದ್ದು ಪ್ಲೇನ್ಸ್ ಹೈಸ್ಕೂಲಿಗೆ. 1921ರಲ್ಲಿ ಶುರುವಾಗಿ 1979ರಲ್ಲಿ ಮುಚ್ಚಿದ ಇಟ್ಟಿಗೆ ಕಟ್ಟಡ ಈಗ ಮ್ಯೂಸಿಯಂ. ಕಾರ್ಟರ್ ಓದಿದ್ದು ಇಲ್ಲೇ, ಅವರ ಹೆಂಡತಿ ರೋಸಲಿನ್ ಓದಿದ್ದೂ ಇಲ್ಲೇ. ರೋಸಲಿನ್ ತರಗತಿಗೆ ಮೊದಲಿಗರಾಗಿ ಪಾಸಾದವರು. ಜೂಲಿಯಾ ಕೋಲ್ಮನ್ ಅನ್ನೋ ಟೀಚರ್ ಬಗ್ಗೆ ಇಲ್ಲಿ ಓದಿ. ಹಳ್ಳಿ ಮಕ್ಕಳಿಗೆ ದೊಡ್ಡ ದೊಡ್ಡ ಪುಸ್ತಕ ಓದಿಸಿದವರು, ಚಿತ್ರಕಲೆ ಸಂಗೀತ ಪರಿಚಯಿಸಿದವರು. ಕಾರ್ಟರ್ 1977ರಲ್ಲಿ ಅಧ್ಯಕ್ಷರಾಗಿ ಪ್ರಮಾಣ ವಚನ ಸ್ವೀಕರಿಸಿದ ಮೇಲೆ ಮಾಡಿದ ಭಾಷಣದಲ್ಲಿ ಈ ಟೀಚರ್ ಹೆಸರು ಹೇಳಿ ಅವರ ಮಾತು ನೆನೆದರು. 2002ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ತಗೊಳ್ಳುವಾಗಲೂ ನೆನೆದರು. ಆದರೆ ಇದು ಬಿಳಿಯರ ಮಕ್ಕಳ ಶಾಲೆ ಆಗಿತ್ತು ಅನ್ನೋದನ್ನು ತಲೆಯಲ್ಲಿಟ್ಟುಕೊಂಡೇ ನೋಡಬೇಕು. ಕಾರ್ಟರ್ ಜೊತೆ ದಿನಾ ಆಡುತ್ತಿದ್ದ ಕಪ್ಪು ಹುಡುಗರಿಗೆ ಈ ಬಾಗಿಲು ಇರಲಿಲ್ಲ.

ಅಲ್ಲಿಂದ ಪೇಟೆ ಬೀದಿ. ರೈಲು ಹಳಿ, ಅದರ ಎದುರು ಒಂದೇ ಸಾಲು ಅಂಗಡಿ. ಊರಿನ ಮೊದಲ ಹೆಸರು ಪ್ಲೇನ್ಸ್ ಆಫ್ ದುರಾ, ಬೈಬಲ್ಲಿನಿಂದ ಬಂದದ್ದು. ಹತ್ತಿರದಲ್ಲೇ ಬೇರೆ ಕಡೆ ಇದ್ದ ಊರು, 1880ರ ದಶಕದಲ್ಲಿ ರೈಲು ಬಂದ ಮೇಲೆ ಹಳಿಯ ಪಕ್ಕಕ್ಕೆ ಬಂತು. ಅದಕ್ಕೂ ಮುಂಚೆ ಈ ನೆಲ ಮಸ್ಕೋಗಿ ಜನರದ್ದು. ಕ್ರೀಕ್ ಅಂತಲೂ ಅವರನ್ನು ಕರೀತಾರೆ. 1820ರ ದಶಕದಲ್ಲಿ ಅವರಿಂದ ನೆಲ ಕಿತ್ತುಕೊಂಡು, ಲಾಟರಿ ಎತ್ತಿ ಬಿಳಿಯರಿಗೆ ಹಂಚಿದರು. ಹತ್ತಿ ಬೆಳೆಯೋಕೆ ಗುಲಾಮರನ್ನು ತಂದರು. ಆಮೇಲೆ ಹತ್ತಿಕಾಯಿಗೆ ಒಂದು ಸೊಂಡಿಲು ಹುಳ ಬಿದ್ದು, 1915ರಿಂದ ಈಚೆಗೆ ಬೆಳೆ ನೆಲಕಚ್ಚಿತು. ರೈತರು ಶೇಂಗಾ ಕಡೆ ತಿರುಗಿದರು. ಇವತ್ತು ಊರಿನ ಗುರುತೇ ಶೇಂಗಾ. ಹಲ್ಲು ಕಿರಿದು ನಗುವ 13 ಅಡಿ ಎತ್ತರದ ಶೇಂಗಾ ಬೊಂಬೆ ಒಂದಿದೆ, ಅದರ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ತಾರೆ. ನೀವೂ ತೆಗೆಸಿಕೊಳ್ಳಿ.

ಸ್ಟೇಷನ್ ಸಣ್ಣದು, ಮರದ್ದು, 1888ರದ್ದು. 1976ರಲ್ಲಿ ಕಾರ್ಟರ್ ಚುನಾವಣಾ ಪ್ರಚಾರದ ಕಚೇರಿ ಇಲ್ಲೇ ಇತ್ತು. ಊರಲ್ಲಿ ಖಾಲಿ ಇದ್ದು, ಶೌಚಾಲಯವೂ ಇದ್ದ ಕಟ್ಟಡ ಇದೊಂದೇ ಅಂತ ಆರಿಸಿಕೊಂಡರಂತೆ. ತಾಯಿ ಲಿಲಿಯನ್ ಸ್ಟೇಷನ್ನಿನ ಹೊರಗೆ ಕುರ್ಚಿ ಹಾಕ್ಕೊಂಡು ಕೂತು ಬಂದವರನ್ನು ಮಾತಾಡಿಸುತ್ತಿದ್ದರು. ಕಾರ್ಟರ್ ಅವರ ತಮ್ಮ ಬಿಲ್ಲಿಯ ಪೆಟ್ರೋಲ್ ಬಂಕ್ ಸ್ವಲ್ಪ ದೂರದಲ್ಲಿದೆ. ಅದನ್ನು ಐದು ನಿಮಿಷದಲ್ಲಿ ನೋಡಿ ಮುಗಿಸಬಹುದು.

ಈ ಲಿಲಿಯನ್ ಬಗ್ಗೆ ನಮ್ಮವರಿಗೆ ಗೊತ್ತಿರಬೇಕು. ನರ್ಸ್ ಆಗಿದ್ದವರು. ಬಿಳಿಯರು ಕರಿಯರ ಮನೆಗೆ ಕಾಲಿಡದ ಕಾಲದಲ್ಲಿ ಅವರ ಮನೆಗೆ ಹೋಗಿ ಶುಶ್ರೂಷೆ ಮಾಡುತ್ತಿದ್ದವರು. ಗಂಡ ತೀರಿಕೊಂಡ ಮೇಲೆ, 68ನೇ ವಯಸ್ಸಿನಲ್ಲಿ, ಬೇರೆ ದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಅಮೆರಿಕ ಸರ್ಕಾರದ ಪೀಸ್ ಕೋರ್ ಸೇರಿ ಭಾರತಕ್ಕೆ ಬಂದರು. 1966ರಿಂದ ಎರಡು ವರ್ಷ ಮುಂಬೈ ಹತ್ತಿರದ ವಿಖ್ರೋಲಿಯಲ್ಲಿ ಕೆಲಸ ಮಾಡಿದರು. 1978ರ ಜನವರಿಯಲ್ಲಿ ಮಗ ಜಿಮ್ಮಿ ಅಧ್ಯಕ್ಷರಾಗಿ ಭಾರತಕ್ಕೆ ಬಂದರು, ಹರಿಯಾಣದ ಒಂದು ಹಳ್ಳಿಗೂ ಹೋದರು. ಆ ಹಳ್ಳಿಗೆ ಈಗಲೂ ಕಾರ್ಟರ್‌ಪುರಿ ಅಂತಲೇ ಹೆಸರು. ಇದನ್ನು ಹೇಳಿದಾಗ ಅಮ್ಮ, "ಅಷ್ಟು ವಯಸ್ಸಲ್ಲಿ ಒಬ್ರೇ ಬಂದಿದ್ರಾ?" ಅಂತ ಎರಡು ಸಲ ಕೇಳಿದರು. ಹೊಸ ಊರಿನಲ್ಲಿ ಭಾಷೆ ಬಾರದೆ ಇರೋದು ಹೇಗೆ ಅಂತ ಆಗ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇಷ್ಟೇ ನೋಡಿ ವಾಪಸ್ ಹೊರಡುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಊರಿಂದ ಪಶ್ಚಿಮಕ್ಕೆ ಎರಡು ಮೂರು ಮೈಲಿ ಹೋದರೆ ಆರ್ಚರಿ ಅನ್ನೋ ಜಾಗ ಸಿಗುತ್ತದೆ. ಕಾರ್ಟರ್ 4 ವರ್ಷದ ಹುಡುಗನಾಗಿದ್ದಾಗ, 1928ರಲ್ಲಿ ಅವರಪ್ಪ ಅರ್ಲ್ ಇಲ್ಲಿ ಹೊಲ ಮನೆ ಕೊಂಡರು. 1941ರಲ್ಲಿ ಕಾಲೇಜಿಗೆ ಹೋಗುವವರೆಗೂ ಕಾರ್ಟರ್ ಇದ್ದದ್ದು ಇಲ್ಲೇ. ಪ್ಲೇನ್ಸ್‌ಗೆ ಹೋಗುವುದೇ ಈ ತೋಟಕ್ಕಾಗಿ ಅಂತ ನಾನು ಅಂತೀನಿ.

1938ರಲ್ಲಿ ಕರೆಂಟು ಬರುವುದಕ್ಕೆ ಮುಂಚೆ ಮನೆ ಹೇಗಿತ್ತೋ ಹಾಗೆ ಇಟ್ಟಿದ್ದಾರೆ. ಗಾಜಿನ ಹಿಂದೆ ಅಲ್ಲ, ನಾವು ಒಳಗೆ ಓಡಾಡಬಹುದು. ಅಮ್ಮ ಅಡುಗೆಮನೆ ಬಿಟ್ಟು ಕದಲಲಿಲ್ಲ. ಸೌದೆ ಒಲೆ ಕಬ್ಬಿಣದ್ದು, ಹೊಗೆ ಹೊರಗೆ ಹೋಗೋಕೆ ಕೊಳವೆ ಇದೆ. "ಇದೊಂದಿದ್ದಿದ್ರೆ ನಮ್ಮತ್ತೆ ಕಣ್ಣು ಹೋಗ್ತಿರಲಿಲ್ಲ" ಅಂದರು. ಹಿತ್ತಿಲಲ್ಲಿ ಕಕ್ಕಸು ಮನೆ ಇದೆ. 1935ರಲ್ಲಿ ಗಾಳಿಯಂತ್ರ ಹಾಕಿಸಿ ಮನೆಯೊಳಗೆ ನೀರು ತಂದರು. ಆಗ ಅರ್ಲ್ ಸ್ನಾನಕ್ಕೆ ಮಾಡಿದ ಏರ್ಪಾಡು ನೋಡಿ. ಒಂದು ಬಕೆಟ್ಟಿನ ತಳಕ್ಕೆ ತೂತು ಹೊಡೆದು ಮೇಲೆ ಕಟ್ಟಿದ್ದಾರೆ, ಅದೇ ಷವರ್ರು. ಹುಡುಗ ಜಿಮ್ಮಿಯ ಕೋಣೆಯಲ್ಲಿ ಚಳಿಗೆ ಬೆಂಕಿ ಕೂಡ ಇರಲಿಲ್ಲ. ಅಲ್ಲಲ್ಲಿ ಒಂದು ಗುಂಡಿ ಒತ್ತಿದರೆ ಕಾರ್ಟರ್ ಅವರದೇ ದನಿಯಲ್ಲಿ ಆ ಜಾಗದ ಕತೆ ಕೇಳುತ್ತದೆ. ಮೆಲು ಮಾತು, ಎಳೆದೆಳೆದು ಆಡುವ ದಕ್ಷಿಣದ ಇಂಗ್ಲಿಷು. ಅಪ್ಪನಿಗೆ ನಾನು ಪಕ್ಕದಲ್ಲಿ ನಿಂತು ಹೇಳುತ್ತಾ ಹೋದೆ.

ಕುಲುಮೆ ಇದೆ, ದನದ ಕೊಟ್ಟಿಗೆ ಇದೆ, ಹೇಸರಗತ್ತೆ, ಮೇಕೆ, ಕೋಳಿ ಇವೆ. ಅಪ್ಪ ನೇಗಿಲು, ಕುಂಟೆಗಳ ಮುಂದೆ ಕೂತೇಬಿಟ್ಟರು. ಆಗ ಇಲ್ಲಿ ಶೇಂಗಾ ಕಿತ್ತ ಮೇಲೆ ನೆಲದಲ್ಲಿ ಕಂಬ ನೆಟ್ಟು, ಅದರ ಸುತ್ತ ಗಿಡ ಒಟ್ಟಿ ವಾರಗಟ್ಟಲೆ ಒಣಗಿಸುತ್ತಿದ್ದರು. ಬಣವೆಯೊಳಗೆ ಗಾಳಿ ಆಡಬೇಕಲ್ಲ, ಅದಕ್ಕೆ ಕೆಳಗೆ ಅಡ್ಡಪಟ್ಟಿ ಹೊಡೆದು ನೆಲದಿಂದ ಎತ್ತರಿಸುತ್ತಿದ್ದರು. ಅಪ್ಪನಿಗೆ ಇದು ಬಹಳ ಹಿಡಿಸಿತು. ಕಿತ್ತ ಮೇಲೆ ಮಳೆ ಬಂದು ಬೂಷ್ಟು ಹಿಡಿದ ವರ್ಷಗಳನ್ನು ಅವರು ನೆನಪಿಸಿಕೊಂಡರು.

ಮನೆ ಪಕ್ಕದಲ್ಲೇ ಅರ್ಲ್ ನಡೆಸುತ್ತಿದ್ದ ಅಂಗಡಿ. ಉಪ್ಪು, ಹಿಟ್ಟು, ಸೀಮೆಎಣ್ಣೆ, ಹೊಗೆಸೊಪ್ಪು, ಮೇಲಂಗಿ. ಗಿರಾಕಿಗಳು ಯಾರು? ಇದೇ ಹೊಲದಲ್ಲಿ ದುಡಿಯುವ ಕಪ್ಪು ಜನ. ಗಂಡಾಳಿಗೆ ದಿನಕ್ಕೆ 1 ಡಾಲರ್ ಕೂಲಿ, ಹೆಣ್ಣಾಳಿಗೆ ಅದಕ್ಕೂ ಕಡಿಮೆ. ಸಾಲ ಬರೆಸಿ ಸಾಮಾನು ಒಯ್ಯುತ್ತಿದ್ದರು. ಪಾಲಿಗೆ ಹೊಲ ಮಾಡುವವರದು ವರ್ಷದ ಕೊನೆಗೆ ಲೆಕ್ಕ. ಅಪ್ಪ ಅಂಗಡಿಯ ಕಟ್ಟೆ ಮೇಲೆ ಕೈಯಿಟ್ಟು ಹೇಳಿದರು, "ಕೂಲಿ ಕೊಡೋನೇ ಅಂಗಡಿಯವನೂ ಆದ್ರೆ ಆಳು ಕೈಗೆ ಏನು ಉಳೀತದಮ್ಮ?" ನಾನು ಇದನ್ನು ಅನುವಾದಿಸಿದಾಗ ಅಲ್ಲಿದ್ದ ರೇಂಜರ್ ತಲೆಯಾಡಿಸಿ, ಬಂದವರೆಲ್ಲ ಕೇಳಬೇಕಾದ ಪ್ರಶ್ನೆ ಇದು ಅಂದರು.

ಆಮೇಲೆ ಜ್ಯಾಕ್ ಕ್ಲಾರ್ಕ್, ರೇಚಲ್ ಕ್ಲಾರ್ಕ್ ದಂಪತಿಯ ಮನೆ. ದೊಡ್ಡ ಮನೆಯಿಂದ ನಾಲ್ಕು ಹೆಜ್ಜೆ. ಹಲಗೆ ಗೋಡೆ, ಬಣ್ಣ ಇಲ್ಲ. ನನ್ನ ಪ್ರಕಾರ ಇಡೀ ಪಾರ್ಕಿನಲ್ಲಿ ಮುಖ್ಯವಾದ ಕಟ್ಟಡ ಇದೇ. ಜ್ಯಾಕ್ ಹೇಸರಗತ್ತೆಗಳ ಉಸ್ತುವಾರಿ. ಬೆಳಗಾಗುವುದಕ್ಕೆ ಒಂದು ಗಂಟೆ ಮುಂಚೆ ದೊಡ್ಡ ಗಂಟೆ ಹೊಡೆದು ಎಲ್ಲರನ್ನೂ ಎಬ್ಬಿಸುತ್ತಿದ್ದವರು ಅವರು. ರೇಚಲ್ ಹತ್ತಿ ಬಿಡಿಸುವುದರಲ್ಲಿ ಎಲ್ಲರಿಗಿಂತ ಚುರುಕು. ಅಪ್ಪ ಅಮ್ಮ ಊರಲ್ಲಿಲ್ಲದಾಗ ಜಿಮ್ಮಿ ಮಲಗುತ್ತಿದ್ದದ್ದು ಇವರ ಮನೆಯ ನೆಲದ ಮೇಲೆ. ಮೀನು ಹಿಡಿಯುವುದು, ಹೊಳೆ ದಂಡೆಯಲ್ಲಿ ಓಡಾಡುವುದು, ದೊಡ್ಡವರೊಂದಿಗೆ ಹೇಗೆ ನಡೆದುಕೊಳ್ಳಬೇಕು ಅನ್ನುವುದು ಎಲ್ಲ ರೇಚಲ್ ಕಲಿಸಿದ್ದು ಅಂತ ಕಾರ್ಟರ್ ಕೊನೆವರೆಗೂ ಹೇಳುತ್ತಿದ್ದರು.

ಆದರೆ ಆ ಕಾಲ ಎಂಥದ್ದು ಅನ್ನೋಕೆ ಎರಡು ಕತೆ ಸಾಕು. ಎರಡೂ ಕಾರ್ಟರ್ ಹೇಳಿಕೊಂಡದ್ದೇ. 1938ರಲ್ಲಿ ಅಮೆರಿಕದ ಕಪ್ಪು ಬಾಕ್ಸರ್ ಜೋ ಲೂಯಿಸ್, ಜರ್ಮನಿಯ ಬಿಳಿಯ ಮ್ಯಾಕ್ಸ್ ಶ್ಮೆಲಿಂಗ್ ನಡುವಿನ ಬಾಕ್ಸಿಂಗ್ ಪಂದ್ಯ ರೇಡಿಯೋದಲ್ಲಿ ಬರುತ್ತಿತ್ತು. ಅರ್ಲ್ ರೇಡಿಯೋವನ್ನು ಕಿಟಕಿಗೆ ಇಟ್ಟರು. ಕಪ್ಪು ಆಳುಗಳು ಹೊರಗೆ ಮರದ ಕೆಳಗೆ ನಿಂತು ಕೇಳಿದರು. ಅವರ ಲೂಯಿಸ್ ಮೊದಲ ಸುತ್ತಿನಲ್ಲೇ ಗೆದ್ದ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಥ್ಯಾಂಕ್ಯೂ ಹೇಳಿ ಸಾಲಾಗಿ ನಡೆದು ರೈಲು ಹಳಿ ದಾಟಿ ತಮ್ಮ ಮನೆ ಸೇರಿದರು. ಬಾಗಿಲು ಹಾಕಿಕೊಂಡ ಮೇಲೆ ರಾತ್ರಿಯೆಲ್ಲ ಕೇಕೆ, ಸಂಭ್ರಮ. ಧಣಿಯ ಅಂಗಳದಲ್ಲಿ ಖುಷಿಯನ್ನೂ ನುಂಗಿಕೊಳ್ಳಬೇಕಿತ್ತು.

ಇನ್ನೊಂದು, ಬೇಲಿಯ ಗೇಟಿನ ಕತೆ. ಜಿಮ್ಮಿಗೆ ಆಗ ಸುಮಾರು 14 ವರ್ಷ. ಚಿಕ್ಕಂದಿನಿಂದ ಜೊತೆಗೆ ಆಡಿದ ಇಬ್ಬರು ಕಪ್ಪು ಗೆಳೆಯರ ಜೊತೆ ಹೊಲದಿಂದ ಬರುತ್ತಿದ್ದ. ಗೇಟು ಬಂತು. ಗೆಳೆಯರು ಗೇಟು ತೆಗೆದು, ಪಕ್ಕಕ್ಕೆ ಸರಿದು, ನೀನು ಮೊದಲು ಹೋಗು ಅಂತ ನಿಂತರು. ಏನೋ ಕೀಟಲೆ ಇರಬೇಕು, ಕಾಲಿಗೆ ತಂತಿ ಕಟ್ಟಿರಬೇಕು ಅಂದುಕೊಂಡನಂತೆ ಜಿಮ್ಮಿ. ಕೀಟಲೆ ಅಲ್ಲ. ಇನ್ನು ನಾವು ಸರೀಕರಲ್ಲ ಅಂತ ಅವರ ಮನೆಯಲ್ಲಿ ಯಾರೋ ಹೇಳಿಕೊಟ್ಟಿದ್ದರು. ಇದನ್ನು ಕೇಳಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಹಟ್ಟಿಯಲ್ಲೂ ಎತ್ತು ಮೇಯಿಸೋವಾಗ ಒಟ್ಟಿಗೆ ಇದ್ದು, ಮೀಸೆ ಬಂದ ಮೇಲೆ ಬಾಗಿಲ ಹೊರಗೆ ನಿಂತವರ ಹೆಸರು ಅವರಿಗೆ ಗೊತ್ತು. ಕಾರಿನಲ್ಲಿ ಒಂದೊಂದಾಗಿ ಆ ಹೆಸರು ಹೇಳಿದರು. ನನಗೆ ಅವರು ಯಾವತ್ತೂ ಹೇಳಿರದ ಸಂಗತಿಗಳು.

ಈ ಜಿಲ್ಲೆ ಆ ಮೇಲೂ ಸುಲಭಕ್ಕೆ ಬದಲಾಗಲಿಲ್ಲ. 1953ರಲ್ಲಿ ಅಪ್ಪ ತೀರಿಕೊಂಡ ಮೇಲೆ ಕಾರ್ಟರ್ ನೌಕಾಪಡೆ ಬಿಟ್ಟು ಊರಿಗೆ ಬಂದರು. ಬಡವರಿಗೆ ಸರ್ಕಾರ ಕಟ್ಟಿಸಿದ ಮನೆಯಲ್ಲಿ ಬಾಡಿಗೆಗಿದ್ದರು. ಮೊದಲ ವರ್ಷವೇ ಬರ ಬಂದು ಬೆಳೆ ಕೈಕೊಟ್ಟಿತು. ಬಿಳಿಯರ ಸಂಘಕ್ಕೆ ಸೇರು ಅಂತ ಊರವರು ಒತ್ತಾಯಿಸಿದಾಗ ಸೇರಲ್ಲ ಅಂದರು. ಕಪ್ಪು ಜನರನ್ನು ಚರ್ಚಿನೊಳಗೆ ಬಿಡಬಾರದು ಅನ್ನೋ ಪ್ರಶ್ನೆ 1965ರಲ್ಲಿ ಮತಕ್ಕೆ ಬಂದಾಗ, ಬಿಡಬೇಕು ಅಂದವರು ಕಾರ್ಟರ್ ಮನೆಯವರು ಮತ್ತು ಇನ್ನೊಬ್ಬರು ಮಾತ್ರ. 1977ರಲ್ಲಿ ಆ ಚರ್ಚು ಒಡೆದು ಹುಟ್ಟಿದ ಮರನಾಥ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಅಧ್ಯಕ್ಷಗಿರಿ ಮುಗಿಸಿ ಬಂದ ಕಾರ್ಟರ್ ದಶಕಗಟ್ಟಲೆ ಭಾನುವಾರದ ಪಾಠ ಹೇಳಿದರು. ದೂರದೂರಿಂದ ಬಂದವರು ಬೆಳಕು ಹರಿಯೋ ಮುಂಚೆಯೇ ಸಾಲು ನಿಲ್ಲುತ್ತಿದ್ದರು. 2023ರ ನವೆಂಬರಿನಲ್ಲಿ ರೋಸಲಿನ್, 2024ರ ಡಿಸೆಂಬರಿನಲ್ಲಿ 100 ತುಂಬಿದ ಜಿಮ್ಮಿ ತೀರಿಕೊಂಡರು. 1961ರಲ್ಲಿ ತಾವೇ ಕಟ್ಟಿಸಿದ ಸಾಧಾರಣ ಮನೆಯ ಆವರಣದಲ್ಲೇ ಇಬ್ಬರ ಸಮಾಧಿ.

ಊಟದ ವಿಷಯಕ್ಕೆ ಬರ್ತೀನಿ, ಸಸ್ಯಾಹಾರಿಗಳು ಗಮನಿಸಿ. ದಕ್ಷಿಣದ ಅಡುಗೆಯಲ್ಲಿ ಹುರುಳಿಕಾಯಿ, ಸೊಪ್ಪು, ಅಲಸಂದೆ ಎಲ್ಲ ಇರುತ್ತದೆ, ನೋಡೋಕೆ ನಮ್ಮದೇ ಪಲ್ಯ. ಆದರೆ ಹಂದಿ ಮಾಂಸದ ತುಂಡು ಹಾಕಿ ಬೇಯಿಸೋದೇ ಇಲ್ಲಿನ ರೂಢಿ. ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಕೇಳಿದಾಗ "ಮಾಂಸ ಇಲ್ಲ" ಅಂದರು, ತಟ್ಟೆಗೆ ಬಂದಾಗ ಇತ್ತು. ಅವರ ಲೆಕ್ಕದಲ್ಲಿ ಅದು ಬರೀ ರುಚಿಗೆ. ಅದಕ್ಕೇ ಚಪಾತಿ, ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ. ಪೇಟೆ ಬೀದಿಯಲ್ಲಿ ಶೇಂಗಾ ಐಸ್‌ಕ್ರೀಂ ಸಿಗುತ್ತದೆ, ಮಕ್ಕಳಿಗೆ ಇಷ್ಟವಾಗುತ್ತದೆ, ನನಗೆ ಸಿಹಿ ಜಾಸ್ತಿ ಅನ್ನಿಸಿತು. ಸಿಪ್ಪೆ ಸಮೇತ ಕರಿದ ಶೇಂಗಾ ಸಿಗುತ್ತದೆ, ಅದು ಚೆನ್ನಾಗಿದೆ. ಆದರೆ ತಿನ್ನಲೇಬೇಕಾದದ್ದು ಬೇಯಿಸಿದ ಹಸಿ ಶೇಂಗಾ. ಐದಾರು ವರ್ಷದ ಜಿಮ್ಮಿ ಹೊಲದಿಂದ ಕಿತ್ತು ತೊಳೆದು, ಉಪ್ಪು ಹಾಕಿ ಬೇಯಿಸಿ, ಪೊಟ್ಟಣ ಕಟ್ಟಿ ಹಳಿ ಪಕ್ಕದಲ್ಲಿ ನಡೆದು ಬಂದು ಇದೇ ಬೀದಿಯಲ್ಲಿ 5 ಸೆಂಟಿಗೆ ಮಾರುತ್ತಿದ್ದದ್ದು ಇದನ್ನೇ. ಗಂಟೆಗಟ್ಟಲೆ ಬೇಯಿಸುವುದರಿಂದ ನಮ್ಮದಕ್ಕಿಂತ ಮೆತ್ತಗಿರುತ್ತದೆ, ಉಪ್ಪುನೀರು ಕಾಯೊಳಗೇ ನಿಂತಿರುತ್ತದೆ. ಅಪ್ಪ ಉಪ್ಪು ಜಾಸ್ತಿ ಅಂದರು, ಅಮ್ಮ ಒಂದು ಪೊಟ್ಟಣ ಪೂರ್ತಿ ಮುಗಿಸಿದರು.

ಒಂದು ರಾತ್ರಿ ಉಳಿಯುವುದಾದರೆ ಪೇಟೆ ಬೀದಿಯ ಮಹಡಿ ಮೇಲೆ ಏಳು ಕೋಣೆಗಳ ವಸತಿ ಇದೆ. 1920ರ ದಶಕದಿಂದ 1980ರ ದಶಕದವರೆಗೆ ಒಂದೊಂದು ಕೋಣೆ ಒಂದೊಂದು ದಶಕದ ಸಾಮಾನಿನಿಂದ ಜೋಡಿಸಿದ್ದು, ರೋಸಲಿನ್ ಮುಂದೆ ನಿಂತು ಮಾಡಿಸಿದ್ದು. ಮುಂಚೆಯೇ ಹೇಳಿಡಬೇಕು. ಸಮಯ ಇದ್ದರೆ ಹತ್ತಿರದ ಅಮೆರಿಕಸ್ ಪಟ್ಟಣದ ದಾರಿಯ ಕಡೆ ಕೊಯ್ನೋನಿಯಾ ಫಾರ್ಮ್‌ಗೂ ಹೋಗಿ. ಬಿಳಿಯರು ಕರಿಯರು ಒಟ್ಟಿಗೆ ಬಾಳಬೇಕು ಅಂತ 1942ರಲ್ಲಿ ಶುರು ಮಾಡಿದ ತೋಟ ಅದು. 1950ರ ದಶಕದಲ್ಲಿ ಅದರ ಮೇಲೆ ಬಾಂಬ್ ಹಾಕಿದರು, ಗುಂಡು ಹಾರಿಸಿದರು, ಸುತ್ತಮುತ್ತಲ ಅಂಗಡಿಯವರು ಬಹಿಷ್ಕಾರ ಹಾಕಿದರು. ಊರಲ್ಲಿ ಮಾರಲು ಬಿಡಲಿಲ್ಲ ಅಂತ ಆ ತೋಟದವರು ಅಕ್ರೋಟಿನಂಥ ಪೀಕಾನ್ ಬೀಜವನ್ನು ಅಂಚೆಯಲ್ಲಿ ದೇಶಕ್ಕೆಲ್ಲ ಕಳಿಸಿ ಬದುಕಿಕೊಂಡರು. ಇವತ್ತಿಗೂ ಪೀಕಾನ್ ಮಾರುತ್ತಾರೆ. ಬಡವರಿಗೆ ಮನೆ ಕಟ್ಟಿಕೊಡುವ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯ ಆಲೋಚನೆ ಮೊಳೆತದ್ದೂ ಇದೇ ತೋಟದಲ್ಲಿ.

ಹೋಗಿಬರಲು ಕಾರು ಬೇಕೇ ಬೇಕು. ಕಾರ್ಡೀಲ್‌ನಿಂದ ಪ್ಲೇನ್ಸ್ ಕಡೆಗೆ ಪ್ರವಾಸಿ ರೈಲೊಂದು ಕೆಲವು ದಿನ ಮಾತ್ರ ಓಡುತ್ತದೆ, ದಿನ ನೋಡಿಕೊಂಡು ಟಿಕೆಟ್ ಮಾಡಿಸಿ. ಜುಲೈ, ಆಗಸ್ಟ್ ಬಿಸಿಲಿಗೆ ಹಿರಿಯರನ್ನು ಕರೆದೊಯ್ಯಬೇಡಿ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಒಳ್ಳೆಯದು, ಹೊಲದಲ್ಲಿ ಶೇಂಗಾ ಕೀಳುವುದೂ ಕಾಣುತ್ತದೆ. ಪ್ಲೇನ್ಸ್‌ನ ಶೇಂಗಾ ಹಬ್ಬ ನಡೆಯುವುದೂ ಸೆಪ್ಟೆಂಬರಿನಲ್ಲೇ. ಬೆಳಗ್ಗೆ ಬೇಗ ಹೊರಟು, ಶಾಲೆಗೆ ಒಂದು ಗಂಟೆ ಕೊಡಿ, ಪೇಟೆಗೆ ಒಂದು ಗಂಟೆ ಕೊಡಿ. ಉಳಿದದ್ದೆಲ್ಲ ಆರ್ಚರಿಯ ತೋಟಕ್ಕೆ ಇಟ್ಟುಕೊಳ್ಳಿ. ನೂರಾರು ಮೈಲಿ ಓಡಿಸಿಕೊಂಡು ಹೋಗಿದ್ದಕ್ಕೆ ನನ್ನ ಕಡೆಯಿಂದ ಐದಕ್ಕೆ ಐದು.